ಬಾಗಿಲು ಮುಚ್ಚಿಸಿದ ಮೇಲೆ ಬಾಡಿಗೆ ಯಾರು ಕಟ್ಟಬೇಕು?

ಸರ್ಕಾರ ಅಂಗಡಿ ಮುಚ್ಚಿ ಅಂದರೆ ಮುಚ್ಚಲೇಬೇಕು. ಬಾಡಿಗೆ ಮಾತ್ರ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಕೊರೊನಾ ಕಾಲದ ಪರಿಹಾರ ಅಂದ ತಕ್ಷಣ ನಾವು ಎಷ್ಟು ಕೋಟಿಯ ಪ್ಯಾಕೇಜು ಅಂತ ಕೇಳುತ್ತೇವೆ. ಮೆಲ್ಬರ್ನ್‌ನಲ್ಲಿದ್ದು ಆ ದಿನಗಳನ್ನು ಕಂಡ ನನಗೆ ಬಾಡಿಗೆಯ ಪ್ರಶ್ನೆಯೇ ದೊಡ್ಡದು ಅನಿಸಿದೆ.

ಇಲ್ಲಿ ಆರು ಲಾಕ್‌ಡೌನ್ ಆದವು, ಎಲ್ಲ ಸೇರಿ 262 ದಿನ. ಪೆಟ್ಟು ಜಾಸ್ತಿ ಬಿದ್ದಿದ್ದು ಊರಿನ ನಡುಭಾಗಕ್ಕೆ. ಬಡಾವಣೆಯ ಅಂಗಡಿಗೆ ಅಕ್ಕಪಕ್ಕದವರಾದರೂ ಬರುತ್ತಾರೆ. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಹತ್ತಿರದ ಡಿಗ್ರೇವ್ಸ್ ಸ್ಟ್ರೀಟ್‌ನ ಕಾಫಿ ಅಂಗಡಿಗಳು ಬದುಕುವುದೇ ರೈಲಿಳಿದು ಆಫೀಸಿಗೆ ಹೋಗುವವರಿಂದ. 2020ರ ಆಗಸ್ಟ್‌ನಲ್ಲಿ ಮನೆಯಿಂದ 5 ಕಿಲೋಮೀಟರ್ ದಾಟಬಾರದು, ರಾತ್ರಿ 8ರ ಮೇಲೆ ಹೊರಗೆ ಬರಬಾರದು ಅಂತ ನಿಯಮ ಬಂತು. ಆಮೇಲೆ ಅಲ್ಲಿ ಯಾರಿಗೆ ಕಾಫಿ ಮಾರುವುದು?

ದುಡ್ಡಿನ ನೆರವೇನೋ ಬಂತು. ಫೆಡರಲ್ ಸರ್ಕಾರದ 'ಜಾಬ್‌ಕೀಪರ್' ಯೋಜನೆ ಒಬ್ಬ ಕೆಲಸಗಾರನಿಗೆ ಎರಡು ವಾರಕ್ಕೆ 1,500 ಡಾಲರ್ ಕೊಟ್ಟಿತು, ನಂತರ ಕಡಿಮೆ ಮಾಡುತ್ತಾ 2021ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಆದರೆ ವಿದ್ಯಾರ್ಥಿ ವೀಸಾದವರಿಗೆ ಅದು ಸಿಗಲೇ ಇಲ್ಲ. ಊರ ನಡುವಿನ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುತ್ತಾ, ತರಕಾರಿ ಹೆಚ್ಚುತ್ತಾ ಫೀಸು ಕಟ್ಟುತ್ತಿದ್ದ ನಮ್ಮ ಹುಡುಗರು ಬರಿಗೈಲಿ ಕೂತರು. ಸಂಬಳದಲ್ಲಿ ತೆರಿಗೆ ಹಿಡಿಯುವಾಗ ಅವರು ಬೇಕಾಗಿದ್ದರು. ಇದನ್ನು ನಾನು ಇಂದಿಗೂ ಅನ್ಯಾಯ ಅಂತಲೇ ಹೇಳುತ್ತೇನೆ. 2021ರ 'ಮೆಲ್ಬರ್ನ್ ಮನಿ' ಯೋಜನೆಯಲ್ಲಿ ನಗರದ ಹೋಟೆಲ್‌ಗಳಲ್ಲಿ ಊಟ ಮಾಡಿದರೆ ಬಿಲ್ಲಿನ ಶೇ. 20 ವಾಪಸ್ ಸಿಗುತ್ತಿತ್ತು. ಹೋಟೆಲಿನವರಿಗೆ ಒಳ್ಳೆಯದೇ ಆಯಿತು. ಬೂಟು ರಿಪೇರಿಯವನಿಗೂ ದರ್ಜಿಗೂ ಅದರಿಂದ ಏನು ಬಂತು?

ಬಾಡಿಗೆಯ ನಿಯಮ ಹಾಗಲ್ಲ, ಎಲ್ಲ ಬಗೆಯ ಅಂಗಡಿಗೂ ಅನ್ವಯಿಸಿತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ 2020ರಲ್ಲೇ ಇದನ್ನು ಕಾನೂನಾಗಿ ಬರೆಯಿತು. ವ್ಯಾಪಾರ ಶೇ. 30 ಅಥವಾ ಅದಕ್ಕಿಂತ ಜಾಸ್ತಿ ಬಿದ್ದಿದ್ದರೆ ಬಾಡಿಗೆ ಕಟ್ಟಿಲ್ಲ ಅಂತ ಅಂಗಡಿ ಬಿಡಿಸುವ ಹಾಗಿರಲಿಲ್ಲ. ಬಾಡಿಗೆಯೂ ಇಳಿಯಬೇಕಿತ್ತು. ಎಷ್ಟು ಅನ್ನುವುದನ್ನು ಆ ಸೆಪ್ಟೆಂಬರ್‌ನಲ್ಲಿ ಇನ್ನೂ ಬಿಗಿ ಮಾಡಿದರು: ವ್ಯಾಪಾರ ಬಿದ್ದಷ್ಟೇ ಬಾಡಿಗೆಯಲ್ಲೂ ರಿಯಾಯಿತಿ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 8,000 ಡಾಲರ್ ಬಾಡಿಗೆ, ವ್ಯಾಪಾರ ಶೇ. 60 ಬಿದ್ದಿದೆ. 4,800 ಡಾಲರ್ ರಿಯಾಯಿತಿ. ಅದರಲ್ಲಿ ಕನಿಷ್ಠ ಅರ್ಧ, ಅಂದರೆ 2,400, ಪೂರ್ತಿ ಮನ್ನಾ. ಉಳಿದ 2,400 ಮುಂದಕ್ಕೆ ಕಂತಿನಲ್ಲಿ. ಈ ತಿಂಗಳು ಕಟ್ಟಬೇಕಾದ್ದು 3,200. ಜಗಳ ಬಂದರೆ ಸಣ್ಣ ಉದ್ಯಮಗಳ ಕಮಿಷನ್ ಪುಕ್ಕಟೆ ಮಧ್ಯಸ್ಥಿಕೆ ಮಾಡುತ್ತಿತ್ತು. ರಿಯಾಯಿತಿ ಕೊಟ್ಟ ಕಟ್ಟಡದ ಮಾಲೀಕನಿಗೆ ಭೂ ತೆರಿಗೆಯಲ್ಲಿ ಕಡಿತ. ಹೀಗೆ ನಷ್ಟ ಮೂರು ಹೆಗಲಿಗೆ ಹಂಚಿಹೋಯಿತು.

ಅದೇ ಹೊತ್ತಿಗೆ ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಸಂಬಂಧಿಕರೊಬ್ಬರು ಫೋನಿನಲ್ಲಿ ಹೇಳಿದ್ದು ಬೇರೆಯೇ ಕಥೆ. ಅಂಗಡಿಗೆ ಬೀಗ. ಬಾಡಿಗೆಯನ್ನು ಮಾಲೀಕರು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾ ಬಂದರು. ಬಾಗಿಲು ತೆಗೆದ ಮೇಲೆ ಅಡ್ವಾನ್ಸ್ ಮತ್ತೆ ತುಂಬಿಸಿ ಅಂದರು. ಕೇಳೋಣ ಅಂದರೆ ಯಾವ ಕಚೇರಿಯೂ ಇರಲಿಲ್ಲ. ದೆಹಲಿಯ ಖಾನ್ ಮಾರ್ಕೆಟ್‌ನ ಬಾಡಿಗೆದಾರರು ಕೋರ್ಟಿಗೇ ಹೋದರು. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್, ಕಟ್ಟಲು ಸ್ವಲ್ಪ ಸಮಯ ಕೊಡಬಹುದು, ಬಾಡಿಗೆ ನಿಲ್ಲಿಸಲು ಆಗುವುದಿಲ್ಲ ಅಂದಿತು.

ನಮ್ಮಲ್ಲಿ ಏನೂ ಕೊಡಲಿಲ್ಲ ಅಂತ ಅಲ್ಲ. ಯಡಿಯೂರಪ್ಪನವರ ಸರ್ಕಾರ 2020ರ ಮೇನಲ್ಲಿ 1,610 ಕೋಟಿಯ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೋ ಚಾಲಕರಿಗೆ 5,000 ರೂಪಾಯಿ ಘೋಷಿಸಿತು. ಕೇಂದ್ರ 3 ಲಕ್ಷ ಕೋಟಿಯ ಸಾಲ ಖಾತರಿ ಕೊಟ್ಟಿತು. ಬೀದಿ ವ್ಯಾಪಾರಿಗೆ ಕೇಂದ್ರದ 'ಸ್ವನಿಧಿ' ಯೋಜನೆಯಲ್ಲಿ 10,000 ರೂಪಾಯಿ ಸಾಲ. ಆದರೆ ಸಾಲ ಅಂದರೆ ತೀರಿಸಬೇಕು. ಸರ್ಕಾರದ ಆದೇಶದಿಂದ ಆದ ನಷ್ಟವನ್ನು ಅಂಗಡಿಯವನೇ ಸಾಲ ಮಾಡಿ ತುಂಬಿಕೊಳ್ಳಬೇಕಾ?

ಆಸ್ಟ್ರೇಲಿಯಾ ಶ್ರೀಮಂತ ದೇಶ, ಹೋಲಿಸಬೇಡ ಅನ್ನುತ್ತಾರೆ ಗೆಳೆಯರು. ಜಾಬ್‌ಕೀಪರ್‌ಗೆ ಆ ಮಾತು ಒಪ್ಪುತ್ತೇನೆ. ಬಾಡಿಗೆಯ ಸೂತ್ರಕ್ಕೆ ಒಪ್ಪಲ್ಲ. ಅದಕ್ಕೆ ಬೊಕ್ಕಸದಿಂದ ಬೇಕಾದ್ದು ತುಂಬಾ ಕಡಿಮೆ. ನಮ್ಮ ತೊಡಕು ಬೇರೆ: ಕರಾರು ಕಾಗದದಲ್ಲಿ ಒಂದು ಬಾಡಿಗೆ, ಕೈಗೆ ಕೊಡುವುದು ಇನ್ನೊಂದು. ವ್ಯಾಪಾರದ ಲೆಕ್ಕವೂ ಎಷ್ಟೋ ಕಡೆ ಚೀಟಿಯಲ್ಲೇ ಇರುತ್ತದೆ. ಇನ್ನು ಮಳಿಗೆ ಬಾಡಿಗೆ ನಂಬಿ ಬದುಕುವ ವಯಸ್ಸಾದವರೂ ಇದ್ದಾರೆ, ಅವರಿಗೆ ಆಸ್ತಿ ತೆರಿಗೆ ಬಿಡಲೇಬೇಕು. ಈಗ ಜಿಎಸ್‌ಟಿ, ಯುಪಿಐ ದಾಖಲೆ ಇವೆ, ವ್ಯಾಪಾರ ಎಷ್ಟು ಬಿತ್ತು ಅಂತ ತೋರಿಸುವುದು ಮೊದಲಿನಷ್ಟು ಕಷ್ಟವಲ್ಲ. ಪಾಲಿಕೆಯ ಸ್ವಂತ ಮಳಿಗೆಗಳಿಂದಲೇ ಶುರು ಮಾಡಬಹುದು.

ಇದು ಬರೀ ಕೊರೊನಾದ ಮಾತೂ ಅಲ್ಲ. ಕಮರ್ಷಿಯಲ್ ಸ್ಟ್ರೀಟ್ ಪಕ್ಕದ ಕಾಮರಾಜ ರಸ್ತೆಯನ್ನು 2019ರಲ್ಲಿ ಮೆಟ್ರೋಗೆ ಅಂತ ಮುಚ್ಚಿದರು, ವರ್ಷಗಟ್ಟಲೆ ಮುಚ್ಚೇ ಇತ್ತು. ಅಲ್ಲಿನ ಅಂಗಡಿಗಳಿಗೂ ಗಿರಾಕಿ ತಪ್ಪಿದ್ದು ಸರ್ಕಾರದ ನಿರ್ಧಾರದಿಂದಲೇ ಅಲ್ವಾ? ಮುಂದಿನ ಸಲ ರಸ್ತೆ ಅಗೆಯುವ ಆದೇಶದಲ್ಲೇ ಬಾಡಿಗೆಯನ್ನು ಹೇಗೆ ಹಂಚಬೇಕು ಅಂತಲೂ ಬರೆದಿರಬೇಕು.