ನಾಲ್ವರೇ ಉಳಿದಾಗ ಎಕ್ಕಾ ಬಿಡಬೇಡ್ರಿ

ಭಾನುವಾರ ರಾತ್ರಿ ನಮ್ಮ ಮಾಳಿಗೆ ಮೇಲೆ ಲಿಮಿಟ್ ಪೋಕರ್ ನಡೆಯುತ್ತದೆ. ಇದು ಇಸ್ಪೀಟಾಟ, ಒಬ್ಬೊಬ್ಬರ ಕೈಗೆ ಎರಡೇ ಎಲೆ, ಆಮೇಲೆ ಎಲ್ಲರಿಗೂ ಸೇರಿ ನಡುವೆ ಐದು ಎಲೆ ಬೀಳುತ್ತವೆ. ದುಡ್ಡಿಟ್ಟು ಆಡಲ್ಲ. ತೊಗರಿ ಕಾಳೇ ನಮ್ಮ ಚಿಪ್ಸು, ಕಲಬುರಗಿಯಲ್ಲಿ ಅದಕ್ಕೇನು ಬರ ಹೇಳಿ. ಒಂಬತ್ತು ಜನ ಕೂತು ಶುರು ಮಾಡುತ್ತೇವೆ, ಹತ್ತೂವರೆ ಆಗುವಷ್ಟರಲ್ಲಿ ಒಬ್ಬೊಬ್ಬರೇ ಎದ್ದು ಹೋಗಿ ನಾಲ್ವರು ಉಳಿಯುತ್ತೇವೆ. ಅಲ್ಲಿಂದ ಮುಂದೆ ಸೋಲುವವರು ನಮ್ಮ ಕಾಕಾ. ಒಂಬತ್ತು ಜನರಿದ್ದಾಗ ಅವರಷ್ಟು ಚೆನ್ನಾಗಿ ಆಡುವವರು ಯಾರೂ ಇಲ್ಲ, ಅದಕ್ಕೇ ನನಗೆ ಜಾಸ್ತಿ ಬೇಜಾರು.

ಮೊನ್ನೆ ಹಾಗೇ ಆಯಿತು. ನಾಲ್ವರಿದ್ದೆವು, ಡೀಲರ್ ಕಾಕಾನೇ. ಮೊದಲಿನವನು ಫೋಲ್ಡ್ ಮಾಡಿದ, ಅಂದರೆ ಎಲೆ ಬಿಟ್ಟ. ಕಾಕಾ ಹೆಬ್ಬೆರಳಿಂದ ಎಲೆಯ ಮೂಲೆ ಎತ್ತಿ ನೋಡಿದರು, ಎಕ್ಕಾ ಮತ್ತು ಏಳು. ಹಾಗೇ ಮುಂದಕ್ಕೆ ಜಾರಿಸಿಬಿಟ್ಟರು.

"ಯಾಕ್ರೀ ಕಾಕಾ, ಬಿಟ್ರಿ?" ಅಂದೆ.

"ಯಾರ ಕೈಯಾಗರ ಇನ್ನೊಂದು ಎಕ್ಕಾ ಇದ್ದೇ ಇರ್ತದ ಬಿಡಪ್ಪ" ಅಂದರು.

ತುಂಬಿದ ಟೇಬಲ್‌ನಲ್ಲಿ ಈ ಮಾತು ಸರಿ. ನಿಮ್ಮ ಕೈಯಲ್ಲಿ ಒಂದು ಎಕ್ಕಾ ಇದ್ದು ಎದುರಿಗೆ ಎಂಟು ಜನರಿದ್ದರೆ, ಅವರಲ್ಲಿ ಯಾರಾದರೊಬ್ಬರ ಹತ್ತಿರ ಇನ್ನೊಂದು ಎಕ್ಕಾ ಇರುವುದು 100ರಲ್ಲಿ ಸುಮಾರು 70 ಸಲ. ಮೂವರೇ ಇದ್ದರೆ ಅದು 32ಕ್ಕೆ ಇಳಿಯುತ್ತದೆ. ಕಾಕಾ ಮುಂದೆ ಆಗ ಇದ್ದವರು ಬ್ಲೈಂಡ್ (ಎಲೆ ನೋಡುವ ಮೊದಲೇ ಇಡಲೇಬೇಕಾದ ಕಾಳು) ಇಟ್ಟ ಇಬ್ಬರೇ, ಅಂದರೆ ಇನ್ನೂ ಕಡಿಮೆ, 23ರ ಆಸುಪಾಸು. ಅಲ್ಲಿ ರೇಸ್ ಮಾಡಲೇಬೇಕು, ಅಂದರೆ ಬೆಟ್ ಏರಿಸಬೇಕು, ಸುಮ್ನೆ ಕಾಲ್ (ಸಮಕ್ಕೆ ಕಾಳು ಹಾಕುವುದು) ಕೂಡ ಅಲ್ಲ.

ಒಳ್ಳೆ ಎಲೆಗೆ ಕಾಯುತ್ತಾ ಕೂತರೆ ಕಾಳು ಹಾಗೇ ಕರಗುತ್ತದೆ. ನಮ್ಮ ಬ್ಲೈಂಡ್ ಒಂದು ಮತ್ತು ಎರಡು, ಸುತ್ತಿಗೆ ಮೂರು ಕಾಳು. 36 ಆಟ ಆಡಿದರೆ ಒಂಬತ್ತು ಜನರಲ್ಲಿ ನಿಮ್ಮ ಪಾಲಿಗೆ ಬರುವುದು ನಾಲ್ಕು ಸುತ್ತು, 12 ಕಾಳು. ನಾಲ್ವರಲ್ಲಿ ಒಂಬತ್ತು ಸುತ್ತು, 27 ಕಾಳು! ಕೈಗೆ ಜೋಡಿ ಬರುವುದು 17 ಆಟಕ್ಕೊಮ್ಮೆ, ಅದೂ ಸಣ್ಣದೋ ದೊಡ್ಡದೋ ಗೊತ್ತಿಲ್ಲ. ಅಷ್ಟು ಹೊತ್ತು ತಾಳ್ಮೆ ಇಟ್ಟುಕೊಂಡರೆ ಪಕ್ಕದವನ ಬಟ್ಟಲು ತುಂಬುತ್ತದೆ, ಅಷ್ಟೇ.

ಹಾಗಂತ ಬಂದದ್ದೆಲ್ಲ ಆಡಿ ಅಂತ ಹೇಳುತ್ತಿಲ್ಲ. ನಮ್ಮ ಹುಡುಗರು ನಾಲ್ವರಾದ ಕೂಡಲೇ ಕಳಾವರ್ ಏಳು-ಎಂಟು ಹಿಡಿದು ಕುಣಿಯುತ್ತಾರೆ. ಆ ಎಲೆಗೆ ಬೆಲೆ ಬರುವುದು ಐದಾರು ಜನ ಕಾಲ್ ಮಾಡಿ ಪಾಟ್ (ನಡುವೆ ಕೂಡಿದ ಕಾಳು) ದೊಡ್ಡದಾದಾಗ. ಲಿಮಿಟ್‌ನಲ್ಲಿ ಬೆಟ್ ಇಷ್ಟೇ ಅಂತ ಕಟ್ಟಿಹಾಕಿರುತ್ತಾರೆ, ಒಬ್ಬನಿಂದ ಒಂದೇ ಸಲಕ್ಕೆ ಜಾಸ್ತಿ ಎಳೆಯೋಕಾಗಲ್ಲ. ಜನ ಕಡಿಮೆಯಾದಷ್ಟೂ ಎಕ್ಕಾ, ರಾಜನಂಥ ದೊಡ್ಡ ಎಲೆ ಮೇಲೇರುತ್ತದೆ, ಒಂದಕ್ಕೊಂದು ಹೊಂದುವ ಸಣ್ಣ ಎಲೆ ಕೆಳಗಿಳಿಯುತ್ತದೆ.

ಡೀಲರ್ ಜಾಗದ ಬಗ್ಗೆಯೂ ಒಂದು ಮಾತು. ನಡುವೆ ಎಲೆ ಬಿದ್ದಮೇಲೆ ಅಲ್ಲಿ ಕೂತವನು ಉಳಿದವರನ್ನೆಲ್ಲ ನೋಡಿಕೊಂಡು ಕೊನೆಗೆ ಆಡುತ್ತಾನೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ (ನಾವಾಡುವ ಪೋಕರೇ) ಅನ್ನು ಕಂಪ್ಯೂಟರ್ ಹಚ್ಚಿ ಹೆಚ್ಚುಕಡಿಮೆ ಪೂರ್ತಿ ಬಿಡಿಸಿಬಿಟ್ಟರು. ಅಲ್ಲೂ ಲಾಭ ಡೀಲರ್‌ಗೇ. ಕಾಕಾ ಬಿಟ್ಟಿದ್ದು ಆ ಜಾಗದಲ್ಲಿ ಕೂತು!

ಕೊನೆಯ ಎಲೆ ಬಿದ್ದಮೇಲೂ ಅವರದು ಇದೇ ಕಥೆ. ಪಾಟ್‌ನಲ್ಲಿ 24 ಕಾಳು, ಕಾಲ್‌ಗೆ ಬೇಕಾದದ್ದು ನಾಲ್ಕು, ಒಟ್ಟು 28. ಏಳರಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ. ನಾಲ್ವರಿದ್ದಾಗ ಎದುರಿನವನು ಏನೂ ಇಲ್ಲದೆಯೂ ಬೆಟ್ ಮಾಡುತ್ತಿರುತ್ತಾನೆ, ನಾನೇ ಎಷ್ಟೋ ಸಲ ಮಾಡಿದ್ದೇನೆ. ಹಾಗಿರುವಾಗ ಕಾಕಾ ಫ್ಲಾಪ್‌ನ (ನಡುವೆ ಬೀಳುವ ಮೊದಲ ಮೂರು ಎಲೆ) ಮಧ್ಯಮ ಬೆಲೆಯ ಎಲೆಗೆ ಜೋಡಿ ಕೂಡಿಸಿಕೊಂಡು ಕೂತವರು, "ಬ್ಯಾಡ ತಗೋ" ಅಂತ ಎಲೆ ಮಗುಚಿಡುತ್ತಾರೆ. ಬರುವ ಭಾನುವಾರ ಅವರ ಪಕ್ಕದಲ್ಲೇ ಕೂತು ಕಾಳು ಎಣಿಸಿ ತೋರಿಸುತ್ತೇನೆ.