ಲೈಬೀರಿಯಾದ 200 ಡಾಲರ್ ಮೆಸೇಜ್ ಬಗ್ಗೆ ಸ್ಪಷ್ಟನೆ

"ಲೈಬೀರಿಯಾದಲ್ಲಿ ಪುಂಡ ಹುಡುಗರ ಕೈಗೆ 200 ಡಾಲರ್ ಕೊಟ್ರು, ಅಪರಾಧ ಇಳೀತು, ಹಾಗಾಗಿ ಕೌನ್ಸೆಲಿಂಗ್, ರಿಸರ್ಚ್ ಅಂತ ಫಂಡ್ ಹಾಕೋದು ದಂಡ" ಅಂತ ಒಂದು ಮೆಸೇಜ್ ಗ್ರೂಪುಗಳಲ್ಲಿ ಓಡಾಡ್ತಿದೆ. ಅದು ತಪ್ಪು.

ಪಶ್ಚಿಮ ಆಫ್ರಿಕಾದ ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಕಳ್ಳತನ, ಡ್ರಗ್ಸ್, ಹೊಡೆದಾಟದಲ್ಲಿದ್ದ 999 ಗಂಡಸರನ್ನ ಲಾಟರಿ ಥರ ನಾಲ್ಕು ಗುಂಪು ಮಾಡಿದ್ರು: ಕೆಲವರಿಗೆ 8 ವಾರದ ಥೆರಪಿ, ಕೆಲವರಿಗೆ ಬರೀ ದುಡ್ಡು (ಆ 200 ಡಾಲರ್), ಕೆಲವರಿಗೆ ಎರಡೂ, ಉಳಿದವರಿಗೆ ಏನೂ ಇಲ್ಲ. ಬರೀ ದುಡ್ಡು ಸಿಕ್ಕವರಲ್ಲಿ ಅಪರಾಧದ ಮೇಲೆ ಆದ ಪರಿಣಾಮ ವರ್ಷದೊಳಗೇ ಕರಗಿಹೋಯ್ತು. ಥೆರಪಿ ಜೊತೆಗೆ ದುಡ್ಡೂ ಸಿಕ್ಕವರಲ್ಲಿ ಮಾತ್ರ ಇಳಿಕೆ ಗಟ್ಟಿಯಾಗಿ ನಿಲ್ತು, 10 ವರ್ಷ ಆದ್ಮೇಲೆ 833 ಜನರನ್ನ ಹುಡುಕಿ ಕೇಳಿದಾಗ್ಲೂ ಅದು ಉಳಿದಿತ್ತು, ಅದೂ ಅತಿ ಹೆಚ್ಚು ಅಪಾಯದಲ್ಲಿದ್ದವರಲ್ಲೇ ಜಾಸ್ತಿ. ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತವರ ಸಹಸಂಶೋಧಕರು 2017ರಲ್ಲಿ, ಮತ್ತೆ 2023ರಲ್ಲಿ ಪ್ರಕಟಿಸಿದ ಪೇಪರ್‌ಗಳಲ್ಲಿ ಇದು ಇದೆ.

ಥೆರಪಿ ಅಂದ್ರೆ ಬರೀ ಉಪದೇಶ ಅಲ್ಲ, ಸಿಟ್ಟು ಬಂದಾಗ ತಡ್ಕೊಳೋದು, ಕೂದಲು ಕತ್ತರಿಸ್ಕೊಂಡು ಒಳ್ಳೆ ಬಟ್ಟೆ ಹಾಕ್ಕೊಂಡು ಬ್ಯಾಂಕು, ಸೂಪರ್‌ಮಾರ್ಕೆಟ್‌ಗೆ ಹೋಗಿ ಮಾತಾಡೋದು, ಇಂಥದ್ದನ್ನೆಲ್ಲ ಅಭ್ಯಾಸ ಮಾಡಿಸಿದ್ರು. ನನಗಂತೂ ಅತಿ ಮುಖ್ಯ ಅನ್ಸೋದು ಇದೇ ಭಾಗ, ಮೆಸೇಜಲ್ಲಿ ಕೈಬಿಟ್ಟಿರೋದೂ ಇದನ್ನೇ.

10 ವರ್ಷದ ಉತ್ತರ ಸಿಕ್ಕಿದ್ದೂ ಅಂಥ ರಿಸರ್ಚ್‌ಗೆ ಯಾರೋ ಹಣ ಹಾಕಿದ್ದಕ್ಕೇ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡ್ಬೇಡಿ, ಈಗಾಗ್ಲೇ ಕಳ್ಸಿದ್ರೆ ಅದೇ ಗ್ರೂಪಲ್ಲಿ ಇದನ್ನೂ ಹಾಕಿ.