ಒಂದೇ ಹೆಲ್ಮೆಟ್, ಮೂರು ತಲೆ

ಶನಿವಾರ ಸಂಜೆಯಿಂದ ತಲೆ ಕುದಿಯುತ್ತಿದೆ. ಇವತ್ತು ಬುಧವಾರ. ಬರೆದು ಹಾಕಿದರೆ ತಣ್ಣಗಾಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ. ಓದೋಕೆ ಪುರಸೊತ್ತಿಲ್ಲದವರು ಸುಮ್ನೆ ಲೈಕ್ ಒತ್ತಿ ಮುಂದೆ ಹೋಗಿ. ಯಾವಾಗಲೂ ಮಾಡೋದು ಅದನ್ನೇ ಅಲ್ವಾ.

ನನ್ನ ಡರ್ಟ್ ಬೈಕ್ ಹುಚ್ಚು ನಿಮಗೆಲ್ಲ ಗೊತ್ತಿರೋದೇ. ನಲವತ್ತಾರನೇ ವಯಸ್ಸಿಗೆ ಹಿಡಿದದ್ದು. ನಮ್ಮವ್ವ ಧಾರವಾಡದಿಂದ ಫೋನ್ ಮಾಡಿದಾಗಲೆಲ್ಲ "ಆ ಕುದುರಿ ಮಾರಿದ್ಯೋ ಇಲ್ಲೋ?" ಅಂತಲೇ ಮಾತು ಶುರು ಮಾಡುತ್ತಾಳೆ. ಮಾರಿಲ್ಲ. ಭಾನುವಾರ ಪುಣೆ ಹತ್ತಿರದ ಮುಳಶಿ ಕಡೆ ಒಂದು ಟ್ರೇಲ್ ರೈಡ್, ಅಂದ್ರೆ ಕಾಡುದಾರಿಯ ಸವಾರಿ, ಇತ್ತು. ಹೆಚ್ಚುಕಡಿಮೆ ಮೂವತ್ತು ಗಾಡಿ. ನಡೆಸುವವರ ಷರತ್ತು ಒಂದೇ: ಹಿಂದಿನ ದಿನ ಸಂಜೆ ಪಿರಂಗುಟ್ ಹತ್ತಿರದ ಮೈದಾನಕ್ಕೆ ಗಾಡಿ, ಹೆಲ್ಮೆಟ್, ಕಾಗದಪತ್ರ ಎಲ್ಲ ತಂದು ತಪಾಸಣೆ ಮಾಡಿಸಬೇಕು. ಪಾಸಾದರೆ ಮುಂದಿನ ಮಡ್‌ಗಾರ್ಡ್ ಮೇಲೆ ಹಸಿರು ಸ್ಟಿಕ್ಕರ್. ಸ್ಟಿಕ್ಕರ್ ಇಲ್ಲದವರು ಬೆಳಗ್ಗೆ ಮಿಸಳ್ ತಿಂದು ಮನೆಗೆ.

ಒಳ್ಳೇ ಷರತ್ತು. ನಾನು ಎರಡು ವಾರ ರಾತ್ರಿ ಊಟ ಆದಮೇಲೆ ಸೊಸೈಟಿ ಪಾರ್ಕಿಂಗ್‌ನಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಗಾಡಿ ಕೆಳಗೆ ಮಲಗಿದ್ದೆ. ವಾಚ್‌ಮನ್ ಒಂದು ಸಲ ನನ್ನನ್ನೇ ಕಳ್ಳ ಅಂದುಕೊಂಡ.

ತಯಾರಿ ಅಂದ್ರೆ ಜನ ಮೊದಲು ಮಾಡೋದು ಏನು ಗೊತ್ತಾ? ತೊಳೆಯೋದು. ನಾನೂ ಅದನ್ನೇ ಮಾಡಿದೆ. ಫೋಮ್ ಹಾಕಿಸಿ, ಪ್ರೆಶರ್ ಪಂಪ್ ಹಿಡಿಸಿ, ಫಳಫಳ ಹೊಳೆಯುವ ಗಾಡಿ ತಗೊಂಡು ಭೋಸರಿಯ ನಮ್ಮ ಮಿಸ್ತ್ರಿ ಹತ್ತಿರ ಹೋದೆ. ಇಂಡಿ ಕಡೆಯವರು, ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿದರೂ ಮಾತು ಮಾತ್ರ ಇನ್ನೂ ಇಂಡಿಯದ್ದೇ. ಗಾಡಿಯ ಸುತ್ತ ಒಂದು ಸುತ್ತು ಹೊಡೆದು, "ಜಳಕಾ ಮಾಡ್ಸೀರಿ ಸಾಹೇಬ್ರ, ಹಲ್ಲ ತಿಕ್ಕಸಿಲ್ಲಲ್ರೀ" ಅಂದರು. ಆಮೇಲೆ ಬೈಗುಳ. ಆ ಪಂಪಿನ ನೀರು ಜೋರಾಗಿ ಸೀಲ್ ದಾಟಿ ಚಕ್ರದ ಬೇರಿಂಗ್ ಒಳಗೆ ಹೋಗುತ್ತೆ, ಗ್ರೀಸ್ ತೊಳೆದು ಹಾಕುತ್ತೆ, ಒಳಗೆ ತುಕ್ಕು ಹಿಡಿಯುತ್ತೆ. ಹೊರಗೆ ಹೊಳಪು, ಒಳಗೆ ಗರಗರ. ನಮ್ಮ ಎಷ್ಟೋ ಸಂಬಂಧಿಕರ ಮನೆಗಳು ನೆನಪಾದವು, ಇರಲಿ.

ಅವರು ತೋರಿಸಿಕೊಟ್ಟದ್ದು ಬೇರೆಯೇ ಕೆಲಸ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಮುಂದಿನ ಚಕ್ರದ ಎರಡೂ ಕಡೆಯ ಫೋರ್ಕ್ ಹಿಡಿದು ಹಿಂದೆ ಮುಂದೆ ಅಲುಗಾಡಿಸಬೇಕು. 'ಟಕ್' ಅಂದರೆ ಕೋನ್ ಸೆಟ್, ಅಂದ್ರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಕಡೆ ಎಕ್ಸಲರೇಟರ್ ತಿರುವಿ ಬಿಡಬೇಕು. ಬಿಟ್ಟ ತಕ್ಷಣ ಪಟ್ ಅಂತ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ಕೇಬಲ್ ಎಲ್ಲೋ ಎಳೆದುಕೊಂಡಿದೆ ಅಂತ ಅರ್ಥ. ಕಲ್ಲಿನ ಇಳಿಜಾರಿನಲ್ಲಿ ಹ್ಯಾಂಡಲ್ ತಿರುಗಿಸಿದಾಗ ಗಾಡಿ ತಾನೇ ರೇಸ್ ಆದರೆ ಏನಾಗುತ್ತೆ ಯೋಚಿಸಿ.

ಇನ್ನು ಸ್ಪೋಕ್. ಇದು ನನಗೆ ಬಲು ಇಷ್ಟದ ಕೆಲಸ. ಚಿಕ್ಕ ಪಾನಾ ಹಿಡಿದು ಒಂದೊಂದೇ ಸ್ಪೋಕ್ ತಟ್ಟುತ್ತಾ ಚಕ್ರ ತಿರುಗಿಸಬೇಕು. ಬಿಗಿ ಇದ್ದದ್ದು 'ಟಿಣ್' ಅನ್ನುತ್ತೆ. ಸಡಿಲ ಆದದ್ದು 'ಟಪ್' ಅಂತ ಸತ್ತ ದನಿ ಕೊಡುತ್ತೆ. ಪುಣೆಗೆ ಭೀಮಸೇನ ಜೋಶಿಯವರನ್ನು ಕೊಟ್ಟ ಸೀಮೆಯವನು ನಾನು, ಆದರೂ ಸಂಗೀತದ ಗಂಧ ಇಲ್ಲ. ಸವಾಯಿ ಗಂಧರ್ವ ಸಂಗೀತೋತ್ಸವದಲ್ಲಿ ಕೂತು ನಿದ್ದೆ ಹೊಡೆದ ದಾಖಲೆ ಇದೆ. ಆದರೆ ಈ ಒಂದು ಅಪಸ್ವರ ಮಾತ್ರ ನನಗೆ ತಿಳಿಯುತ್ತೆ. ಹಿಂದಿನ ಚಕ್ರದಲ್ಲಿ ನಾಲ್ಕು ಸಿಕ್ಕವು. ಸ್ಪೋಕ್ ಕೀಯಿಂದ ಸ್ವಲ್ಪ ಸ್ವಲ್ಪವೇ ಬಿಗಿದು ಮತ್ತೆ ತಟ್ಟಿ ನೋಡಿದೆ. ಒಂದೇ ಸಲ ಜಾಸ್ತಿ ಬಿಗಿದರೆ ರಿಮ್ ಸೊಟ್ಟ ಆಗುತ್ತೆ.

ಚೈನ್, ಬ್ರೇಕ್ ಪ್ಯಾಡ್, ಪೆಟ್ರೋಲ್ ಪೈಪ್, ಫೋರ್ಕ್ ಸೀಲ್, ಕಿಲ್ ಸ್ವಿಚ್, ಎಲ್ಲ ಆಯ್ತು. ಪಿಯುಸಿ, ಅಂದ್ರೆ ಹೊಗೆ ತಪಾಸಣೆಯ ಪತ್ರ, ಅದನ್ನು ಕೂಡ ಗಾಡಿ ತಗೊಂಡು ಹೋಗಿಯೇ ಮಾಡಿಸಿದೆ. ನಗಬೇಡಿ.

ಶನಿವಾರ ನಾಲ್ಕು ಗಂಟೆ. ಸಾಲಿನಲ್ಲಿ ಜಾಸ್ತಿ ನನ್ನದರ ಹಾಗೆ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200ಗಳೇ. ಎರಡು ಹಳೇ ಇಂಪಲ್ಸ್. 2011ರಲ್ಲಿ ಬಂದಿದ್ದ ಆ ಗಾಡಿಯನ್ನು ಇನ್ನೂ ಓಡಿಸುವವರಿಗೆ ನನ್ನದೊಂದು ನಮಸ್ಕಾರ. ರಸ್ತೆಗೆ ಇಳಿಯೋಕೆ ಪರವಾನಗಿ ಇಲ್ಲದ ಒಂದು ಕವಾಸಾಕಿ ಟೆಂಪೋದಲ್ಲಿ ಮದುಮಗನ ಹಾಗೆ ಬಂದಿತ್ತು. ನನ್ನ ಮುಂದೆ ಕಾಲೇಜು ಹುಡುಗನೊಬ್ಬ. ಅವನ ಗಾಡಿ ತುಂಬ ಸ್ಟಿಕ್ಕರ್, ಟೈರಿಗೂ ಪಾಲಿಶ್. ಮನಸ್ಸಿನಲ್ಲೇ "ಬಂದ ನೋಡು ಶೋಕಿಲಾಲ" ಅಂದುಕೊಂಡೆ. ಆ ಮಾತು ಆಮೇಲೆ ನನಗೇ ತಿರುಗಿತು.

ತಪಾಸಣೆಗೆ ಇದ್ದದ್ದು ಇಪ್ಪತ್ತೈದರ ಒಳಗಿನ ಹುಡುಗಿ. ತಲೆಗೆ ಕ್ಯಾಪ್, ಕೈಯಲ್ಲಿ ಟಾರ್ಚ್, ಜೇಬಿನಲ್ಲಿ ಸ್ಪೋಕ್ ಕೀ. ನನ್ನ ಗಾಡಿಯ ಕೋನ್ ಸೆಟ್ ನೋಡಿದಳು, ಎಕ್ಸಲರೇಟರ್ ತಿರುವಿದಳು, ಸ್ಪೋಕ್ ತಟ್ಟಿ ತಲೆಯಾಡಿಸಿದಳು. ನಾನು ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಆಮೇಲೆ ಕ್ಲಚ್ ಲಿವರಿನ ತುದಿಗೆ ಬೆರಳಿಟ್ಟು, "ಕಾಕಾ, ಹಾ ಲಿವರ್ ನಾಹೀ ಚಾಲಣಾರ" ಅಂದಳು. ಈ ಲಿವರ್ ನಡೆಯಲ್ಲ.

ಕಾಕಾ! ನಮ್ಮ ಕಡೆಯೂ ಕಾಕಾ ಅಂತಾರೆ, ಆದರೆ ಪುಣೆಯಲ್ಲಿ ಈ ಶಬ್ದಕ್ಕೆ "ನಿಮಗೆ ಇದೆಲ್ಲ ಯಾಕೆ ಬೇಕು" ಅನ್ನೋ ಅರ್ಥವೂ ಸೇರಿರುತ್ತೆ.

ಲಿವರಿನ ತುದಿಯಲ್ಲಿ ಒಂದು ಗುಂಡು ಇರುತ್ತಲ್ಲ, ಗೋಲಿಯ ಹಾಗೆ? ನನ್ನದರಲ್ಲಿ ಅದು ಇರಲಿಲ್ಲ. ಜುಲೈಯಲ್ಲಿ ಬಿದ್ದಾಗ ಮುರಿದಿತ್ತು. ಅದೂ ನನ್ನದೇ ತಪ್ಪಿನಿಂದ. ಮಿಸ್ತ್ರಿ ಲಿವರಿನ ಕ್ಲ್ಯಾಂಪನ್ನು ಬೇಕಂತಲೇ ಪೂರ್ತಿ ಬಿಗಿಯುವುದಿಲ್ಲ. ಗಾಡಿ ಬಿದ್ದಾಗ ಲಿವರ್ ತಿರುಗಿಕೊಳ್ಳಲಿ, ಮುರಿಯದಿರಲಿ ಅಂತ. ನಾನು ಜಾಣ, ಸಡಿಲ ಇದೆ ಅಂತ ಮನೆಯಲ್ಲಿ ಬಿಗಿದಿದ್ದೆ. ಮುರಿದ ಮೇಲೂ ಕ್ಲಚ್ ಹಿಡಿಯೋಕೆ ಏನೂ ತೊಂದರೆ ಇರಲಿಲ್ಲ, ಹಾಗಾಗಿ ಅದು ಕಣ್ಣಿಗೆ ಬೀಳೋದೇ ನಿಂತುಹೋಗಿತ್ತು. ಗುಂಡು ಇರೋದು ಕ್ಲಚ್‌ಗಲ್ಲ. ಬಿದ್ದಾಗ ಆ ತುದಿ ತೊಡೆಗೋ ಹೊಟ್ಟೆಗೋ ಚುಚ್ಚದಿರಲಿ ಅಂತ. ಹ್ಯಾಂಡಲ್ ತುದಿಗೆ ಮುಚ್ಚಳ ಇರಬೇಕು ಅನ್ನೋದೂ ಇದಕ್ಕೇ. ತೆರೆದ ಪೈಪಿನ ಬಾಯಿ ಹೊಟ್ಟೆಯ ಮೇಲೆ ಬಿದ್ದರೆ, ಲಟ್ಟಿಸಿದ ಹಿಟ್ಟಿನ ಮೇಲೆ ಲೋಟ ಒತ್ತಿ ಪೂರಿ ಕತ್ತರಿಸಿದ ಹಾಗೇ.

ನಾನು ಫೇಲ್. ಏಳು ಗಂಟೆಯೊಳಗೆ ಸರಿ ಮಾಡಿ ತಂದರೆ ಮತ್ತೆ ನೋಡ್ತೀನಿ ಅಂದಳು. ಆಗಲೇ ಐದೂವರೆ. ಪಿರಂಗುಟ್‌ನಿಂದ ಶನಿವಾರದ ಟ್ರಾಫಿಕ್‌ನಲ್ಲಿ ನಾನಾ ಪೇಠಕ್ಕೆ ಹೋಗಿ ಲಿವರ್ ತಂದು ವಾಪಸ್ ಬರೋದು ಹನುಮಂತನಿಂದ ಮಾತ್ರ ಸಾಧ್ಯ.

ಬೇಜಾರಿನಲ್ಲಿ ಟೆಂಪೋ ಹಿಂದೆ ಚಹಾ ಕುಡಿಯುತ್ತಾ ನಿಂತಿದ್ದಾಗ ನೋಡಿದೆ, ಈ ಬರಹಕ್ಕೆ ಕಾರಣವಾದ ಆಟ. ಮೂವರು ಗೆಳೆಯರು. ಒಂದು ಒಳ್ಳೇ ಹೆಲ್ಮೆಟ್. ಒಬ್ಬ ಹಾಕಿಕೊಂಡು ಹೋಗಿ ಪಾಸಾಗಿ ಬಂದು ಟೆಂಪೋ ಮರೆಯಲ್ಲಿ ಬಿಚ್ಚಿ ಎರಡನೆಯವನಿಗೆ ಕೊಟ್ಟ. ಎರಡನೆಯವನೂ ಪಾಸು. ಎರಡನೆಯವನ, ಮೂರನೆಯವನ ಸ್ವಂತ ಹೆಲ್ಮೆಟ್ ಅಂದ್ರೆ ರಸ್ತೆ ಬದಿಯಲ್ಲಿ ಹಗ್ಗಕ್ಕೆ ತೂಗುಹಾಕಿ ಮಾರುತ್ತಾರಲ್ಲ, ಬೋಗುಣಿಗೆ ಬಣ್ಣ ಬಳಿದ ಹಾಗಿರೋದು, ಅದು. 2021ರ ಜೂನ್‌ನಿಂದ ಐಎಸ್ಐ ಗುರುತು ಇಲ್ಲದ ಹೆಲ್ಮೆಟ್ ಮಾರುವುದೇ ಕಾನೂನಿಗೆ ವಿರುದ್ಧ. ಆದರೂ ಮಾರುತ್ತಾರೆ, ಇವರು ಕೊಳ್ಳುತ್ತಾರೆ.

ಮೂರನೆಯವನ ತಲೆ ದೊಡ್ಡದು. ಹೆಲ್ಮೆಟ್ ಕಿವಿಯವರೆಗೆ ಬಂದು ನಿಂತಿತು. "ಹೊಸದು, ಇನ್ನೂ ಸಡಿಲ ಆಗಿಲ್ಲ" ಅಂದ ಪುಣ್ಯಾತ್ಮ. ಹುಡುಗಿ ಅದನ್ನು ಕೈಯಲ್ಲಿ ತಗೊಂಡು ಒಳಗಿನ ಸ್ಪಂಜ್ ಮುಟ್ಟಿದಳು. ಎರಡು ತಲೆಯ ಬೆವರಿನಲ್ಲಿ ಒದ್ದೆ. ಅವನಿಗೆ ಸ್ಟಿಕ್ಕರ್ ಇಲ್ಲ.

ಉಳಿದ ಇಬ್ಬರದು? ಅವರಿಗೆ ಆಗಲೇ ಸ್ಟಿಕ್ಕರ್ ಅಂಟಿತ್ತು. ಆ ಇಬ್ಬರಲ್ಲಿ ಎರಡನೆಯವರು ನಮ್ಮವರೇ, ಕನ್ನಡದವರು. ನಾನು ನೋಡಿದ್ದನ್ನು ಅವರು ನೋಡಿಬಿಟ್ಟರು. ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿ, "ಸರ್, ನೀವೂ ಕನ್ನಡದವರು, ನಾನೂ ಕನ್ನಡದವನು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ನವೆಂಬರ್ ಒಂದಕ್ಕೆ ಕರೆದರೆ ಬರೋದಿಲ್ಲ ಈ ಮನುಷ್ಯ. ಕನ್ನಡತನ ನೆನಪಾಗಿದ್ದು ಹೆಲ್ಮೆಟ್ ಮುಚ್ಚಿಡೋಕೆ.

ನನಗೆ ಅರ್ಥ ಆಗದ ಸಂಗತಿ ಇದು. ಎರವಲು ಹೆಲ್ಮೆಟ್ ತೋರಿಸಿ ಯಾರಿಗೆ ಮೋಸ ಮಾಡಿದಿರಿ ಸ್ವಾಮಿ? ಆ ಹುಡುಗಿಗಾ? ಅವಳು ಏಳು ಗಂಟೆಗೆ ಟಾರ್ಚ್ ಆರಿಸಿ ಮನೆಗೆ ಹೋಗುತ್ತಾಳೆ. ಭಾನುವಾರ ಕಲ್ಲಿನ ಮೇಲೆ ಬೀಳೋದು ಯಾರ ತಲೆ?

"ಇದು ರೇಸ್ ಅಲ್ವಲ್ಲ, ಸುಮ್ನೆ ಮಜಾಕ್ಕೆ ಹೋಗೋದು, ಇಪ್ಪತ್ತರ ಸ್ಪೀಡಿಗೆ ಇಷ್ಟೆಲ್ಲ ಯಾಕೆ" ಅಂತ ಒಂದು ವಾದ ಇದೆ. ಅವತ್ತು ಸಾಲಿನಲ್ಲೇ ನಾಲ್ಕು ಸಲ ಕೇಳಿದೆ. ಹೌದು, ರೇಸ್ ಅಲ್ಲ. ರೇಸ್ ಆಗಿದ್ದರೆ ಟ್ರ್ಯಾಕ್ ಪಕ್ಕದಲ್ಲೇ ಆಂಬ್ಯುಲೆನ್ಸ್ ನಿಂತಿರುತ್ತಿತ್ತು. ಮುಳಶಿಯ ಆ ಕಾಡುದಾರಿಯಲ್ಲಿ ಮೊಬೈಲ್ ಒಂದು ಕಡ್ಡಿಯನ್ನೂ ತೋರಿಸೋದಿಲ್ಲ. ದಾರಿ ಒಂದು ಗಾಡಿಯ ಅಗಲ, ಒಬ್ಬನ ಚೈನ್ ಕಡಿದರೆ ಹಿಂದಿನ ಇಪ್ಪತ್ತು ಜನ ನಿಲ್ಲಬೇಕು. ಹುಲ್ಲು ಬೇರೆ ಒಣಗಿ ನಿಂತಿದೆ. ಪೆಟ್ರೋಲ್ ತೊಟ್ಟಿಕ್ಕುವ ಗಾಡಿ, ಕಾದ ಸೈಲೆನ್ಸರ್, ಒಣ ಹುಲ್ಲು. ಸೇರಿಸಿ ನೋಡಿ. ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ, ಮರುಭೂಮಿ ದಾಟುವ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಅಂಥವರೇ 2021ರ ಡಾಕರ್‌ನಲ್ಲಿ ಬಿದ್ದು, ವೈದ್ಯರು ಅವರನ್ನು ಕೋಮಾದಲ್ಲಿ ಇಟ್ಟು ಚಿಕಿತ್ಸೆ ಕೊಡಬೇಕಾಯ್ತು. ಒಳ್ಳೇ ಗಾಡಿ, ಒಳ್ಳೇ ಹೆಲ್ಮೆಟ್, ವರ್ಷಗಳ ತಾಲೀಮು ಎಲ್ಲ ಇದ್ದವರ ಕಥೆ ಇದು. ನಾವು ಬೋಗುಣಿ ಹಾಕಿಕೊಂಡು ಹೋಗ್ತೀವಂತೆ, ಮಜಾಕ್ಕೆ.

ಸರಿ, ನಾನು ಹೋಗಿ ಹೇಳಿದೆನಾ?

ಹೇಳಲಿಲ್ಲ. ಇದನ್ನು ಬರೆಯೋಕೆ ನಾಲ್ಕು ದಿನ ಹಿಡಿದದ್ದು ಅದಕ್ಕೇ. ಅವರು ಹೆಗಲಿಂದ ಕೈ ತೆಗೆದ ಮೇಲೂ ನಾನು ಚಹಾದ ಖಾಲಿ ಕಪ್ ಹಿಡಿದು ಅಲ್ಲೇ ನಿಂತಿದ್ದೆ. ಕನ್ನಡದವರು ಅಂತಲ್ಲ. ಸ್ವತಃ ಫೇಲ್ ಆದವನು ಹೋಗಿ ಇನ್ನೊಬ್ಬರ ಚಾಡಿ ಹೇಳಿದರೆ ಏನು ಅಂದುಕೊಳ್ಳುತ್ತಾರೋ ಅಂತ. ನನ್ನ ಮರ್ಯಾದೆ ನೋಡಿಕೊಂಡೆ. ಥೂ.

ಇನ್ನೊಂದೂ ಹೇಳಿಬಿಡಬೇಕು. ನನಗೆ ಸ್ಟಿಕ್ಕರ್ ಸಿಕ್ಕಿತು. ಹೇಗೆ? ಎರವಲು ಲಿವರಿನಿಂದ. ಕೊಟ್ಟವನು ಯಾರು? ಆ ಶೋಕಿಲಾಲ. "ಅಂಕಲ್, ನಿಮ್ಮದೂ ಎಕ್ಸ್‌ಪಲ್ಸೇ ತಾನೇ" ಅಂತ ಹಿಂದಿಯಲ್ಲಿ ಕೇಳಿ, ಬ್ಯಾಗ್‌ನಿಂದ ಹಳೇ ಕಾಲುಚೀಲ ತೆಗೆದ. ಒಳಗೆ ಎರಡು ಹೊಸ ಲಿವರ್, ಒಂದು ಕ್ಲಚ್ ಕೇಬಲ್, ಚೈನ್ ಲಿಂಕ್, ತಂತಿ. ಎಲ್ಲ ನೀಟಾಗಿ ಸುತ್ತಿಟ್ಟಿದ್ದ. ತಾನೇ ಕೂತು ಹತ್ತು ನಿಮಿಷದಲ್ಲಿ ಹಾಕಿಕೊಟ್ಟ. ಕ್ಲ್ಯಾಂಪನ್ನು ಪೂರ್ತಿ ಬಿಗಿಯಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಟಾರ್ಚ್ ಹಿಡಿದೆ.

ನಿಮ್ಮದೂ ಎರವಲೇ ಅಲ್ವಾ, ಹೆಲ್ಮೆಟ್‌ನವರಿಗೂ ನಿಮಗೂ ಏನು ವ್ಯತ್ಯಾಸ ಅಂತ ನೀವು ಕೇಳೋಕೆ ಮೊದಲೇ ಹೇಳ್ತೀನಿ. ನಾನು ತಪಾಸಣೆ ಮುಗಿದ ಮೇಲೆ ಬಿಚ್ಚಿ ಕೊಡಲಿಲ್ಲ. ಅದೇ ಲಿವರ್ ಹಿಡಿದು ಭಾನುವಾರ ಓಡಿಸಿದೆ, ಎರಡು ಸಲ ಬಿದ್ದೆ, ಲಿವರ್ ತಿರುಗಿಕೊಂಡಿತು, ಮುರಿಯಲಿಲ್ಲ, ಚುಚ್ಚಲೂ ಇಲ್ಲ.

ಬೋಗುಣಿ ಮಹಾಶಯರಿಗೆ ಏನಾಯ್ತು ಅಂತ ಕಾಯ್ತಿದ್ದೀರಾ? ಏನೂ ಆಗಲಿಲ್ಲ. ಒಂದು ಸಲವೂ ಬೀಳಲಿಲ್ಲ. ನನ್ನ ಹೊಟ್ಟೆ ಉರಿಯೋದೇ ಅದಕ್ಕೆ. ಮಧ್ಯಾಹ್ನ ಪಿಠ್ಲ ಭಾಕರಿ ತಿನ್ನುವಾಗ ನನ್ನ ಮಂಡಿಯ ಗಾಯ ನೋಡಿ, "ನೋಡಿ ಸರ್, ಅಷ್ಟು ತಲೆ ಕೆಡಿಸಿಕೊಂಡ್ರಿ, ಬಿದ್ದದ್ದು ನೀವೇ" ಅಂದರು.

ಲಿವರ್ ಇನ್ನೂ ನನ್ನ ಗಾಡಿಯಲ್ಲೇ ಇದೆ. ಹುಡುಗ ಕೇಳಿಲ್ಲ. ನಾಳೆ ಆಫೀಸಿನಿಂದ ಬೇಗ ಹೊರಟು ನಾನಾ ಪೇಠಕ್ಕೆ ಹೋಗಿ ಎರಡು ತರಬೇಕು. ಒಂದು ಅವನಿಗೆ, ಒಂದು ನನ್ನ ಕಾಲುಚೀಲಕ್ಕೆ. ಮನೆಯಲ್ಲಿ ಒಂಟಿ ಕಾಲುಚೀಲಗಳಿಗೆ ಬರ ಇಲ್ಲ.